ಮೂರು ಪೇಟೆಗಳಲ್ಲಿ ಕಂಡ ಜಗತ್ತಿನ ಕೂಟಗಳು

ದಿನಪತ್ರಿಕೆಯ ಒಳಪುಟಗಳಲ್ಲಿ ಸಾರ್ಕ್, ಆಸಿಯಾನ್, ಐರೋಪ್ಯ ಒಕ್ಕೂಟ, ವಿಶ್ವ ವ್ಯಾಪಾರ ಸಂಸ್ಥೆ ಮೊದಲಾದ ಹೆಸರುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ನಮ್ಮ ಮನೆಯ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಅವುಗಳ ಸ್ಥಾಪನೆಯ ವರ್ಷವನ್ನೂ ಪ್ರಧಾನ ಕಚೇರಿಯ ಊರನ್ನೂ ಕಂಠಪಾಠ ಮಾಡುತ್ತಾರೆ. ಹಿರಿಯರು ಆ ಪುಟವನ್ನು ಮಗುಚಿ ಮಳೆ, ಬೆಳೆ, ಪೇಟೆ ಧಾರಣೆಗಳ ಪುಟಕ್ಕೆ ಹೋಗುತ್ತಾರೆ. ಈ ಎರಡು ಪುಟಗಳ ನಡುವಿನ ನಂಟು ಎಂಥದು ಎಂಬ ಕುತೂಹಲ ನನಗೆ ಬಹುಕಾಲದಿಂದ ಇತ್ತು. ಅದನ್ನು ಅರಿಯಲು ಜಿನೀವಾಕ್ಕೋ ಬ್ರಸೆಲ್ಸಿಗೋ ಪ್ರಯಾಣ ಬೆಳೆಸಬೇಕಾಗಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳನ್ನು ಕಣ್ತೆರೆದು ಸುತ್ತಿದರೆ ಸಾಕು. ಒಂದು ಏಲಕ್ಕಿಗೆ ಹೆಸರಾದುದು, ಇನ್ನೊಂದು ಬೀಜಕ್ಕೆ, ಮತ್ತೊಂದು ಮೆಣಸಿನಕಾಯಿಗೆ. ಮೂರೂ ಊರುಗಳು ಒಂದೇ ರೈಲುದಾರಿಯ ಮೇಲಿವೆ. ಪುಣೆ-ಬೆಂಗಳೂರು ಹೆದ್ದಾರಿಯೂ ಅವುಗಳ ಮಗ್ಗುಲಲ್ಲೇ ಹಾಯ್ದಿದೆ. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ರೂಪುಗೊಳ್ಳುವವರೆಗೆ ಇವೆಲ್ಲ ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದವು ಎಂಬುದು ಹಿರಿಯ ವಾಚಕರಿಗೆ ನೆನಪಿರಬಹುದು.

ಹಾವೇರಿಯನ್ನು ಏಲಕ್ಕಿಯ ಕಂಪಿನ ಊರೆಂದು ಕರೆಯುವುದು ರೂಢಿ. ವಿಚಿತ್ರವೆಂದರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನ ಕಾಡುತೋಟಗಳ ಏಲಕ್ಕಿ ಹಿಂದೆ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಯ ಬಾವಿಯ ನೀರಿನಲ್ಲಿ ಅಂಟುವಾಳದ ಕಾಯಿಯ ನೊರೆಯೊಡನೆ ಅದನ್ನು ತೊಳೆದು, ಬಿಸಿಲಿಗೆ ಹರವಿ, ಬಿಳುಪೇರಿಸಿ ದೂರದ ಪೇಟೆಗಳಿಗೆ ಕಳಿಸುತ್ತಿದ್ದರು. ಬೆಳೆದದ್ದು ಒಂದು ಕಡೆ, ಬೆಲೆ ಬಂದದ್ದು ಇನ್ನೊಂದು ಕಡೆ. ನಡುವೆ ಇದ್ದದ್ದು ನೀರು ಮತ್ತು ಕೈಗುಣ. ಇಂದು ಆ ತೊಳೆಯುವ ಉದ್ಯೋಗದ ವೈಭವ ಉಳಿದಿಲ್ಲ. ಉಳಿದಿರುವುದು ಏಲಕ್ಕಿ ಹಾರ. ಪಟವೇಗಾರ ಕಸುಬಿನ ಮುಸ್ಲಿಮ್ ಕುಟುಂಬಗಳವರು ಕಾಯಿಗಳನ್ನು ಒಂದೊಂದಾಗಿ ಪೋಣಿಸಿ, ರೇಷ್ಮೆ-ಜರಿಗಳ ಕುಚ್ಚು ಕಟ್ಟಿ ಸಿದ್ಧಪಡಿಸುವ ಹಾರಗಳು ಮಠಾಧೀಶರ, ಮಂತ್ರಿಗಳ, ಮದುಮಕ್ಕಳ ಕೊರಳನ್ನು ಏರುತ್ತವೆ. ವರ್ಷಗಟ್ಟಲೆ ಇಟ್ಟರೂ ಬಾಡದ ಹಾರವಿದು.

ಹಾರ ಕಟ್ಟುವ ಒಂದು ಅಂಗಡಿಯಲ್ಲಿ ಕುಳಿತು ಏಲಕ್ಕಿಯ ಧಾರಣೆ ಯಾರ ಕೈಯಲ್ಲಿದೆ ಎಂದು ವಿಚಾರಿಸಿದೆ. “ಅದು ನಮ್ಮ ಕೈಯಾಗೂ ಇಲ್ಲ, ಬೆಳದವರ ಕೈಯಾಗೂ ಇಲ್ರೀ ಅಜ್ಜಾರ” ಎಂದು ಉತ್ತರ ಬಂತು. ಆ ಮಾತು ನಿಜ. ಭಾರತದಿಂದ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಹೋದ ಏಲಕ್ಕಿ ಗಿಡ ಅಲ್ಲಿ ಎಷ್ಟು ಹಬ್ಬಿತೆಂದರೆ, ತವರನ್ನೇ ಹಿಂದೆ ಹಾಕಿ ಆ ದೇಶ ಜಗತ್ತಿನ ದೊಡ್ಡ ರಫ್ತುದಾರನಾಯಿತು. ಏಲಕ್ಕಿಯನ್ನು ಹೆಚ್ಚಾಗಿ ಕೊಳ್ಳುವವರು ಕೊಲ್ಲಿ ದೇಶಗಳವರು. ಅವರ ಕಾಫಿಗೆ ಏಲಕ್ಕಿ ಬೇಕೇ ಬೇಕು. ಸೌದಿ ಅರೇಬಿಯಾ, ಕುವೈತ್, ಒಮಾನ್ ಮೊದಲಾದ ಆರು ದೇಶಗಳು 1981ರಲ್ಲಿ ಕೊಲ್ಲಿ ಸಹಕಾರ ಮಂಡಳಿಯನ್ನು ಕಟ್ಟಿಕೊಂಡವು. 2003ರಿಂದ ಅವು ಹೊರಗಿನ ಸರಕಿಗೆ ಒಂದೇ ಸುಂಕ ವಿಧಿಸುವ ಏರ್ಪಾಡು ಮಾಡಿಕೊಂಡವು. ಆರು ಮನೆಗಳು ಸೇರಿ ಒಂದೇ ಬಾಗಿಲು ಇಟ್ಟುಕೊಂಡಂತೆ. ಕೊಳ್ಳುವವರು ಒಂದಾದರು, ಮಾರುವ ತೋಟಗಾರ ಮಾತ್ರ ಗ್ವಾಟೆಮಾಲಾದವನೊಡನೆ ಪೈಪೋಟಿಗೆ ಒಬ್ಬನೇ ನಿಂತ.

ಪೇಟೆಯಿಂದ ಪುರಸಿದ್ಧೇಶ್ವರ ದೇವಾಲಯಕ್ಕೆ ಬಂದೆ. ಕಲ್ಯಾಣ ಚಾಲುಕ್ಯರ ಕಾಲದ, ಪಶ್ಚಿಮಾಭಿಮುಖವಾದ ಈ ಗುಡಿಯ ಶಿಲ್ಪವನ್ನು ಬಣ್ಣಿಸುವವರು ಅನೇಕರಿದ್ದಾರೆ. ನನ್ನ ಮನಸ್ಸು ಹರಿದದ್ದು ಆ ಕಾಲದ ವ್ಯಾಪಾರದ ಕಡೆಗೆ. ಚಾಲುಕ್ಯರ ನಾಡಿನಲ್ಲಿ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಮಹಾಸಂಘವೊಂದು ಬಾಳಿತು. ಐಹೊಳೆಯಲ್ಲಿ ಮೂಲವನ್ನು ಹೇಳಿಕೊಂಡ ಈ ಸಂಘದ ಕೊಂಬೆಗಳು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ ಕಡಲಾಚೆಗೂ ಚಾಚಿದ್ದವು. ಸುಮಾತ್ರಾ ದ್ವೀಪದ ಬರೂಸ್ ಎಂಬ ರೇವಿನಲ್ಲಿ 1088ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ. ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ಅವರಲ್ಲೇ ವಿಂಗಡಣೆಯಿತ್ತು. ತಮ್ಮ ನಡಾವಳಿಯನ್ನು ಅವರು ಬಣಂಜುಧರ್ಮ ಎಂದು ಕರೆದರು. ನಮ್ಮಲ್ಲಿ ಇಂದಿಗೂ ಉಳಿದಿರುವ ಬಣಜಿಗ ಎಂಬ ಹೆಸರಿನ ಬೇರು ಅಲ್ಲಿಯದೇ. 1204ರ ಬೆಳಗಾವಿಯ ಶಾಸನದಲ್ಲಿ ಬೇರೆ ಬೇರೆ ದೇಶದ ವರ್ತಕರು, ಲಾಳರೂ ಮಲೆಯಾಳರೂ ಸೇರಿ, ಒಂದೆಡೆ ಕುಳಿತು ಯಾವ ಸರಕಿನ ಮೇಲೆ ಎಷ್ಟು ಆಯ ಎಂದು ಗೊತ್ತುಮಾಡಿದ ವಿವರ ಇದೆ.

ಆ ಸಂಘವನ್ನು ಹೊಗಳಿ ಮುಗಿಲಿಗೇರಿಸುವ ಅಗತ್ಯವಿಲ್ಲ. ಅದರಲ್ಲಿ ಒಕ್ಕಲಿನವನಿಗಿಂತ ಸೆಟ್ಟಿಗೇ ಪೀಠ ದೊಡ್ಡದಾಗಿತ್ತು. ಆದರೂ ಎರಡು ಗುಣಗಳನ್ನು ಗಮನಿಸಬೇಕು. ಸರಕಿನ ಒಡೆಯನಾದವನು ನಿಯಮ ಮಾಡುವ ಸಭೆಯಲ್ಲಿ ತಾನೇ ಕುಳಿತಿರುತ್ತಿದ್ದ. ಆದ ನಿರ್ಣಯವನ್ನು ಊರ ನಡುವೆ, ಊರ ಮಾತಿನಲ್ಲಿ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ತೆರುವವನಿಗೆ ತಾನು ತೆರುವುದೆಷ್ಟು ಎಂಬುದು ಓದಿದರೆ ತಿಳಿಯುತ್ತಿತ್ತು, ಓದಲು ಬಾರದಿದ್ದರೆ ಕೇಳಿದರೆ ತಿಳಿಯುತ್ತಿತ್ತು. ಇಂದಿನ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 166 ಸದಸ್ಯರಿದ್ದಾರೆ. ಎಲ್ಲರೂ ಸರಕಾರಗಳ ಪ್ರತಿನಿಧಿಗಳು. ಅದರ ಅಧಿಕೃತ ಭಾಷೆಗಳು ಮೂರು, ಇಂಗ್ಲಿಷ್, ಫ್ರೆಂಚ್ ಮತ್ತು ಸ್ಪ್ಯಾನಿಷ್. ಐರೋಪ್ಯ ಒಕ್ಕೂಟ 24 ಭಾಷೆಗಳಲ್ಲಿ ತನ್ನ ಕಾನೂನುಗಳನ್ನು ಪ್ರಕಟಿಸುತ್ತದೆ. ಇದು ಮೆಚ್ಚತಕ್ಕ ಏರ್ಪಾಡು, ಆದರೆ ಆ ಕಾನೂನು ಬ್ಯಾಡಗಿಯ ಕಣಕ್ಕೆ ಬಂದು ತಟ್ಟಿದಾಗ ಅದನ್ನು ಇಪ್ಪತ್ತೈದನೆಯ ಭಾಷೆಗೆ ತಂದುಕೊಡುವವರು ಯಾರೂ ಇಲ್ಲ.

ಹಾವೇರಿಯನ್ನು ಬಿಡುವ ಮೊದಲು ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2008ರ ಜೂನ್ 10ರಂದು ಈ ಊರಿನಲ್ಲಿ ರಸಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ರೈತರು ಪ್ರಾಣ ತೆತ್ತರು. ಮುಂಗಾರು ಆರಂಭವಾಗಿತ್ತು, ಬಿತ್ತನೆಯ ಹದ ತಪ್ಪುವಂತಿತ್ತು, ಗೊಬ್ಬರ ಸಿಗುತ್ತಿರಲಿಲ್ಲ. ಹಂಚಿಕೆಯ ದೋಷ ಎಷ್ಟು, ಆಡಳಿತದ ದೋಷ ಎಷ್ಟು ಎಂಬ ಚರ್ಚೆ ಆಗ ಬಹಳ ನಡೆಯಿತು. ಅದೇ ವರ್ಷ ಜಗತ್ತಿನ ಪೇಟೆಯಲ್ಲಿ ಡಿಎಪಿ ಗೊಬ್ಬರದ ಬೆಲೆ ಟನ್ನಿಗೆ 1,000 ಡಾಲರ್ ದಾಟಿತ್ತೆಂಬುದನ್ನೂ, ಚೀನಾ ದೇಶ ಏಪ್ರಿಲಿನಲ್ಲಿ ಗೊಬ್ಬರದ ರಫ್ತಿನ ಮೇಲೆ ಭಾರಿ ತೆರಿಗೆ ಹೇರಿತ್ತೆಂಬುದನ್ನೂ ಆ ಚರ್ಚೆಯೊಡನೆ ಸೇರಿಸಿ ಓದಬೇಕು. ನಮ್ಮ ನೆಲದ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ಪೂರ್ತಿಯಾಗಿ ಹೊರಗಿನದು, ರಂಜಕದ ಬಹುಭಾಗವೂ ಹೊರಗಿನದೇ. ವ್ಯಾಪಾರ ಒಪ್ಪಂದಗಳು ಆಮದು ಸುಂಕವನ್ನು ಇಳಿಸುವಂತೆ ದೇಶಗಳನ್ನು ಬಹಳ ಒತ್ತಾಯಿಸುತ್ತವೆ. ಬೇಕಾದ ವಸ್ತುವನ್ನು ಹೊರಗೆ ಬಿಡದಂತೆ ರಫ್ತಿನ ಮೇಲೆ ತೆರಿಗೆ ಹಾಕುವವರ ಮೇಲೆ ಅವುಗಳ ಹಿಡಿತ ಸಡಿಲ. ಮಾರುವವರ ಅನುಕೂಲಕ್ಕೆ ಕಟ್ಟಿದ ಮನೆಯಲ್ಲಿ ಕೊಳ್ಳುವ ಬಡವನಿಗೆ ಜಗುಲಿಯೂ ಸಿಗಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವಹಿವಾಟು ಸೋಮವಾರ ಮತ್ತು ಗುರುವಾರ ಜೋರು. ನಾನು ಹಾವೇರಿಗೆ ಬಂದದ್ದು ಶನಿವಾರ. ಆದುದರಿಂದ ಮೊದಲು ರಾಣೆಬೆನ್ನೂರನ್ನು ನೋಡಿ, ಹಿಂದಿರುಗುವಾಗ ಬ್ಯಾಡಗಿಗೆ ಬರುವುದೆಂದು ನಿಶ್ಚಯಿಸಿ ಬಸ್ಸು ಹಿಡಿದೆ. ದಾರಿಯಲ್ಲಿ ಮೋಟೆಬೆನ್ನೂರು ಸಿಗುತ್ತದೆ. ಗಾಂಧೀಜಿಯವರೊಡನೆ 1930ರಲ್ಲಿ ದಂಡಿಗೆ ನಡೆದವರಲ್ಲಿ ಕರ್ನಾಟಕದಿಂದ ಹೋದ ತರುಣ ಮೈಲಾರ ಮಹಾದೇವಪ್ಪನವರ ಊರಿದು. ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದರು. ಉಪ್ಪಿನ ಕಾಯಿದೆಯೂ ದೂರದಲ್ಲಿ ಕುಳಿತವರು ಮಾಡಿದ ವ್ಯಾಪಾರ ನಿಯಮವೇ ಅಲ್ಲವೆ? ಬಸ್ಸು ಅಲ್ಲಿ ಎರಡು ನಿಮಿಷ ಮಾತ್ರ ನಿಂತಿತು.

ರಾಣೆಬೆನ್ನೂರು ಹಿಂದಿನಿಂದಲೂ ನೇಕಾರಿಕೆ, ಹತ್ತಿಗಳ ಊರು. ಇಂದು ಅದರ ಹೆಸರು ದೂರದವರೆಗೆ ಹರಡಿರುವುದು ಬೀಜೋತ್ಪಾದನೆಯಿಂದ. ಊರ ಸುತ್ತಣ ಹಳ್ಳಿಗಳಲ್ಲಿ ಬಲೆಯ ಮನೆಗಳು, ಅವುಗಳಲ್ಲಿ ಟೊಮೆಟೊ, ಮೆಣಸಿನಕಾಯಿ ಮೊದಲಾದ ತರಕಾರಿಗಳ ಸಂಕರ ಬೀಜದ ಬೆಳೆ. ಹೊರಗೆ ಹತ್ತಿಬೀಜದ ಹೊಲಗಳು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಹೊರತಂದರು. ಆ ಮೇಲೆ ಜಯಲಕ್ಷ್ಮಿ ಎಂದು ಹೆಸರಾದ ಡಿಸಿಎಚ್-32 ಬಂತು. ಈ ಬೀಜಗಳನ್ನು ಕೈಯಿಂದಲೇ ಮಾಡಬೇಕು. ಸಂಜೆಯ ಹೊತ್ತಿಗೆ ನಾಳೆ ಅರಳುವ ಮೊಗ್ಗನ್ನು ಆರಿಸಿ ಅದರ ಕೇಸರಗಳನ್ನು ಉಗುರಿನಿಂದ ಬಿಡಿಸಬೇಕು. ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ತಾಗಿಸಬೇಕು. ಹಳ್ಳಿಯವರು ಇದನ್ನು ಕ್ರಾಸಿಂಗ್ ಕೆಲಸ ಎನ್ನುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಗಿಡದ ಎತ್ತರಕ್ಕೆ ಸರಿಯಾದವರೆಂದು ಹುಡುಗಿಯರನ್ನು ಶಾಲೆ ಬಿಡಿಸಿ ಕರೆತರುತ್ತಿದ್ದ ಕೆಟ್ಟ ಪದ್ಧತಿ ಉತ್ತರ ಕರ್ನಾಟಕದ ಹತ್ತಿಬೀಜದ ಹೊಲಗಳಲ್ಲಿ ಇತ್ತು. ಅದನ್ನು ತಡೆಯುವಂತೆ ಕಂಪನಿಗಳ ಮೇಲೆ ಒತ್ತಡ ಬಂದದ್ದು ಒಳಗಿನ ಕಾನೂನಿನಿಂದ ಎಷ್ಟೋ ಹೊರಗಿನ ದನಿಯಿಂದಲೂ ಅಷ್ಟೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಬಾಲಕಾರ್ಮಿಕ ನಿಷೇಧದ ಎರಡು ಒಡಂಬಡಿಕೆಗಳಿಗೆ ಭಾರತ 2017ರ ಜೂನಿನಲ್ಲಿ ಸಹಿ ಮುದ್ರೆ ಒತ್ತಿತು. ಜಾಗತಿಕ ಕೂಟಗಳೆಲ್ಲ ಬಡವರ ವೈರಿಗಳೆಂದು ಸಾರಾಸಗಟಾಗಿ ಹೇಳುವವರಿಗೆ ಇದನ್ನು ನೆನಪಿಸಬೇಕು.

ಬೀಜ ಎಂಬುದು ನಮ್ಮ ತಾಯಂದಿರು ಬೂದಿ ಬೆರೆಸಿ ಮಡಕೆಯಲ್ಲಿ ಕಾದಿಡುತ್ತಿದ್ದ ವಸ್ತು. ಅದರ ಒಡೆತನ ಯಾರದು ಎಂಬ ಪ್ರಶ್ನೆಯೇ ಹಿಂದಿನವರಿಗೆ ಹೊಳೆದಿರಲಿಲ್ಲ. 1947ರಲ್ಲಿ ಭಾರತವೂ ಸೇರಿದಂತೆ 23 ದೇಶಗಳು ಜಿನೀವಾದಲ್ಲಿ ಮಾಡಿಕೊಂಡ ಗ್ಯಾಟ್ ಒಪ್ಪಂದ ಸುಂಕ ಮತ್ತು ಸರಕುಗಳ ವ್ಯಾಪಾರಕ್ಕೆ ಸೀಮಿತವಾಗಿತ್ತು. ಅದು 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆಯಾಗಿ ಬೆಳೆದಾಗ ಬೌದ್ಧಿಕ ಸ್ವತ್ತಿನ ಒಪ್ಪಂದವೂ ಜೊತೆಗೆ ಬಂತು. ಸಸ್ಯತಳಿಗಳಿಗೆ ಪೇಟೆಂಟನ್ನಾಗಲಿ, ಪರಿಣಾಮಕಾರಿಯಾದ ಬೇರೊಂದು ರಕ್ಷಣೆಯನ್ನಾಗಲಿ ಒದಗಿಸಬೇಕೆಂದು ಅದು ವಿಧಿಸಿತು. ಇದರ ಅಪಾಯವನ್ನು ಮೊದಲೇ ಕಂಡು ಕರ್ನಾಟಕದ ರೈತರನ್ನು ಎಚ್ಚರಿಸಿದವರು ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು. 1993ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಸೇರಿದ ಹಸಿರು ಶಾಲಿನ ಸಾಗರವನ್ನು ಕಂಡವರು ಈಗಲೂ ಅದನ್ನು ನೆನೆಯುತ್ತಾರೆ. ರೈತಸಂಘದ ಉಗ್ರ ಕ್ರಮಗಳೆಲ್ಲವನ್ನೂ ನಾನು ಒಪ್ಪಲಾರೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು: ಆ ಗದ್ದಲವಿಲ್ಲದಿದ್ದರೆ 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯಿದೆಯ ಹೆಸರಿನಲ್ಲಿ ರೈತರ ಹಕ್ಕು ಎಂಬ ಪದ ಸೇರುತ್ತಿತ್ತೋ ಇಲ್ಲವೋ. ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ಅದರ 39ನೆಯ ಕಲಮು ರೈತನಿಗೆ ಕೊಟ್ಟಿದೆ. ತಳಿ ತಜ್ಞರ ಹಕ್ಕುಗಳಿಗಾಗಿ 1961ರಲ್ಲಿ ಯುರೋಪಿನಲ್ಲಿ ಹುಟ್ಟಿದ ಯುಪೋವ್ ಎಂಬ ಕೂಟಕ್ಕೆ ಭಾರತ ಸೇರದೆ ದೂರ ಉಳಿದಿದೆ. ಕೂಟಕ್ಕೆ ಸೇರುವುದೊಂದು ವಿವೇಕ, ಕೆಲವು ಸಲ ಸೇರದಿರುವುದೂ ವಿವೇಕ.

ಸೇರದಿರುವ ಇನ್ನೊಂದು ನಿದರ್ಶನವನ್ನು ರಾಣೆಬೆನ್ನೂರಿನ ಹೈನುಗಾರರೊಬ್ಬರು ನನಗೆ ನೆನಪಿಸಿದರು. 2019ರ ನವೆಂಬರ್ 4ರಂದು ಬ್ಯಾಂಕಾಕ್ ನಗರದಲ್ಲಿ ಆರ್‌ಸೆಪ್ ಎಂಬ ವಿಶಾಲ ವ್ಯಾಪಾರ ಕೂಟದಿಂದ ಭಾರತ ಹಿಂದೆ ಸರಿಯಿತು. ಆಸಿಯಾನಿನ ಹತ್ತು ದೇಶಗಳೊಡನೆ ಚೀನಾ, ಜಪಾನ್, ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಅದರಲ್ಲಿದ್ದವು. ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ಬಂದರೆ ಎರಡೇ ಎಮ್ಮೆ ಕಟ್ಟಿದವಳ ಗತಿಯೇನು ಎಂದು ದೇಶದ ಹಾಲು ಸಹಕಾರಿಗಳು ಒಕ್ಕೊರಲಿನಿಂದ ಕೇಳಿದ್ದವು. ಹಿಂದೆ ಸರಿಯಲು ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಹಾಲಿನವರ ದನಿ ದಿಲ್ಲಿಗೆ ಮುಟ್ಟಿತು. ಏಕೆಂದರೆ ಹಾಲಿಗೆ ಹಳ್ಳಿಯ ಸಂಘವಿತ್ತು, ಜಿಲ್ಲೆಯ ಒಕ್ಕೂಟವಿತ್ತು, ರಾಜ್ಯದ ಮಹಾಮಂಡಳವಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸೋಮವಾರ ಬೆಳಗ್ಗೆ ಬ್ಯಾಡಗಿಯ ರೈಲು ಹತ್ತಿದೆ.

ಬ್ಯಾಡಗಿಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಪೇಟೆಯನ್ನು ಹೊಕ್ಕರೆ ಹೊಸಬರಿಗೆ ಸೀನು ತಪ್ಪದು. ಹಮಾಲರು ಮಾತ್ರ ಏನೂ ಆಗದವರಂತೆ ಬೆನ್ನ ಮೇಲೆ ಚೀಲ ಹೊತ್ತು ಓಡಾಡುತ್ತಾರೆ. ಎಲ್ಲಿ ನೋಡಿದರೂ ಕೆಂಪು. ಅಂಗಡಿಗಳ ಮುಂದೆ ಸಾಲು ಸಾಲು ಚೀಲಗಳು, ಪ್ರತಿ ರಾಶಿಗೆ ಒಂದು ಲಾಟ್ ಸಂಖ್ಯೆ. ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಒಂದು ಹಿಡಿ ಕಾಯಿ ಎತ್ತಿ, ಮುರಿದು, ಅಲುಗಿಸಿ ಬೀಜದ ಸದ್ದು ಕೇಳಿ ತಮ್ಮ ದರ ನಮೂದಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಟೆಂಡರಿನ ಫಲಿತಾಂಶ. ಕಾಯಿಯಲ್ಲಿ ಎರಡು ಮುಖ್ಯ ಬಗೆ: ಗಿಡ್ಡನೆಯ ದುಂಡು ಡಬ್ಬಿ, ನೀಳವಾದ ಸುಕ್ಕುಗಟ್ಟಿದ ಕಡ್ಡಿ. ಖಾರ ಕಡಿಮೆ, ಬಣ್ಣ ಗಾಢ. ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯ ಕಾಯಿಯೂ ಇಲ್ಲಿಗೇ ಬರುತ್ತದೆ. ಬ್ಯಾಡಗಿ ಎಂಬ ಹೆಸರು ಹೊತ್ತು ಹೊರಗೆ ಹೋಗುವುದರಲ್ಲಿ ಬ್ಯಾಡಗಿ ತಾಲೂಕಿನ ನೆಲದ್ದು ಸ್ವಲ್ಪವೇ.

ಮೆಣಸಿನಕಾಯಿಯೂ ಇಲ್ಲಿಯ ಮೂಲದ್ದಲ್ಲ. ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳು 1494ರಲ್ಲಿ ತೋರ್ದೆಸಿಲ್ಲಾಸ್ ಎಂಬಲ್ಲಿ ಕುಳಿತು ತಾವು ಕಂಡೇ ಇರದ ಭೂಮಿಯನ್ನು ಗೆರೆ ಎಳೆದು ಹಂಚಿಕೊಂಡರು. ಆ ನಂತರದ ಹಡಗುಗಳಲ್ಲಿ ಅಮೆರಿಕದಿಂದ ಗೋವೆಗೆ ಬಂದ ಕಾಯಿಗೆ ನಮ್ಮವರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಇಟ್ಟು ಮನೆಯವಳನ್ನಾಗಿ ಮಾಡಿಕೊಂಡರು.

ಈಗ ಬ್ಯಾಡಗಿಯ ಕಾಯಿ ಅಡಿಗೆಮನೆಗೆ ಹೋಗುವಷ್ಟೇ ಕಾರ್ಖಾನೆಗೂ ಹೋಗುತ್ತದೆ. ಅದರಿಂದ ಓಲಿಯೋರೆಸಿನ್ ಎಂಬ ಬಣ್ಣದ ಸತ್ತ್ವವನ್ನು ತೆಗೆಯುತ್ತಾರೆ. ಯುರೋಪಿನ ತಿನಿಸುಗಳಿಗೂ, ತುಟಿಗೆ ಹಚ್ಚುವ ಬಣ್ಣಗಳಿಗೂ ಅದು ಸೇರುತ್ತದೆ. ಕೆಂಪು ಮೆಣಸಿನ ಬಣ್ಣದ ಸತ್ತ್ವಕ್ಕೆ ಐರೋಪ್ಯ ಒಕ್ಕೂಟ ಇ-160ಸಿ ಎಂಬ ಸಂಖ್ಯೆಯನ್ನು ಕೊಟ್ಟಿದೆ. ಕಲ್ಲಿದ್ದಲು ಮತ್ತು ಉಕ್ಕನ್ನು ಸಮಾನವಾಗಿ ನಿರ್ವಹಿಸಲು 1951ರಲ್ಲಿ ಆರು ದೇಶಗಳು ಮಾಡಿಕೊಂಡ ಒಪ್ಪಂದದಿಂದ ಬೆಳೆದು, ಇಂದು 27 ದೇಶಗಳ ಕುಟುಂಬವಾಗಿರುವ ಒಕ್ಕೂಟವಿದು. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದವರು ಒಂದೇ ಪಂಕ್ತಿಯಲ್ಲಿ ಕುಳಿತದ್ದು ಸಾಮಾನ್ಯ ಸಾಧನೆಯಲ್ಲ. ಆ ಪಂಕ್ತಿಗೆ ಬಡಿಸುವ ಪದಾರ್ಥದ ವಿಷಯದಲ್ಲಿ ಮಾತ್ರ ಅವರು ಬಹು ಕಟ್ಟುನಿಟ್ಟು. 2003ರಲ್ಲಿ ಫ್ರಾನ್ಸ್ ದೇಶ ಭಾರತದಿಂದ ಹೋದ ಮೆಣಸಿನ ಪದಾರ್ಥದಲ್ಲಿ ಸುಡಾನ್ ಎಂಬ ನಿಷಿದ್ಧ ಬಣ್ಣವನ್ನು ಕಂಡುಹಿಡಿಯಿತು. ಸಹಜವಾಗಿಯೇ ಕೆಂಪಾದ ಕಾಯಿಯ ದೇಶದಿಂದ ಬಣ್ಣ ಹಚ್ಚಿದ ಪುಡಿ ಹೋಯಿತೆಂದರೆ ನಾಚಿಕೆಯಲ್ಲವೆ? ಅಂದಿನಿಂದ ಅಲ್ಲಿಗೆ ಹೋಗುವ ಸರಕಿಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕಾಯಿತು. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಬಣ್ಣದ ಕಾರಣದಿಂದ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದರು.

ಬಣ್ಣ ಬೆರೆಸುವುದು ಪುಡಿ ಮಾಡುವವರ ಪಾಪ. ಅಫ್ಲಾಟಾಕ್ಸಿನ್ ಎಂಬುದು ಹಾಗಲ್ಲ. ಅದು ರೈತನ ಕಣದಲ್ಲೇ ಹುಟ್ಟುವ ವಿಷ. ತೇವ ಉಳಿದ ಕಾಯಿಯಲ್ಲಿ ಬೂಸ್ಟು ಹಿಡಿದರೆ ಆ ಬೂಸ್ಟು ಇದನ್ನು ಸ್ರವಿಸುತ್ತದೆ, ಯಕೃತ್ತಿಗೆ ಕೇಡು. ಐರೋಪ್ಯ ಒಕ್ಕೂಟದ ಮಿತಿಯ ಪ್ರಕಾರ ಒಂದು ಕಿಲೋ ಒಣಮೆಣಸಿನಕಾಯಿಯಲ್ಲಿ ಇದು 10 ಮೈಕ್ರೋಗ್ರಾಂ ಮೀರಬಾರದು. ಅಂದರೆ ಒಂದು ಕ್ವಿಂಟಲ್‌ನಲ್ಲಿ ಒಂದು ಮಿಲಿಗ್ರಾಂ. ನಮ್ಮ ದೇಶದ ಮಿತಿ 30 ಮೈಕ್ರೋಗ್ರಾಂ. ಹೊರಗಿನವನ ಹೊಟ್ಟೆಗೆ 10, ನಮ್ಮ ಮಕ್ಕಳ ಹೊಟ್ಟೆಗೆ 30 ಏಕೆಂಬ ಪ್ರಶ್ನೆಯನ್ನು ಗೃಹಿಣಿಯರು ಕೇಳಬೇಕು. ವಿಶ್ವಸಂಸ್ಥೆಯ ಆಹಾರ ಸಂಘಟನೆ ಮತ್ತು ಆರೋಗ್ಯ ಸಂಸ್ಥೆಗಳು ಸೇರಿ 1963ರಲ್ಲಿ ಕಟ್ಟಿದ ಕೋಡೆಕ್ಸ್ ಆಯೋಗ ಜಗತ್ತಿಗೆಲ್ಲ ಒಪ್ಪುವ ಆಹಾರ ಮಾನದಂಡಗಳನ್ನು ರಚಿಸುತ್ತದೆ. ಅದರ ಸಾಂಬಾರ ಪದಾರ್ಥಗಳ ಸಮಿತಿಗೆ 2013ರಿಂದ ಭಾರತವೇ ಆತಿಥೇಯ. ಮೊದಲ ಸಭೆ 2014ರಲ್ಲಿ ಕೊಚ್ಚಿಯಲ್ಲಿ ಸೇರಿತು. ಒಣಮೆಣಸಿನಕಾಯಿಗೆ 2022ರಲ್ಲಿ ಮಾನದಂಡ ಬಂತು. ಸಣ್ಣ ಏಲಕ್ಕಿಯದನ್ನು 2024ರ ಕೊಚ್ಚಿ ಸಭೆಯಲ್ಲಿ ಅಂತಿಮಗೊಳಿಸಿದರು.

ಈ ನಿಯಮ ಕಣದಲ್ಲಿ ಏನನ್ನು ಬಯಸುತ್ತದೆ? ಬರಿನೆಲದ ಮೇಲೆ ಹರವದೆ ತಾಡಪತ್ರಿಯ ಮೇಲೆ ಒಣಗಿಸಬೇಕು, ರಾತ್ರಿಯ ಇಬ್ಬನಿಗೆ ಮುಚ್ಚಬೇಕು, ಬೂಸ್ಟು ಹಿಡಿದ ಕಾಯಿಯನ್ನು ಆರಿಸಿ ತೆಗೆಯಬೇಕು, ಮುಖ್ಯವಾಗಿ ಚೀಲ ತುಂಬುವಾಗ ನೀರು ಚಿಮುಕಿಸಬಾರದು. ತುಂಬುವಾಗ ಕಾಯಿ ಮುರಿಯದಿರಲಿ, ತೂಕವೂ ಬರಲಿ ಎಂದು ನೀರು ಹೊಡೆಯುವ ಚಾಳಿ ಹಳೆಯದು. ಅಂಗಡಿಯೊಂದರ ನೆರಳಿನಲ್ಲಿ ತೊಟ್ಟು ಮುರಿಯುತ್ತ ಕುಳಿತಿದ್ದ ಮುದುಕಿಯನ್ನು, ತೇವದ ಕಾಯಿ ಹೇಗೆ ತಿಳಿಯುತ್ತದೆ ತಾಯಿ ಎಂದು ಕೇಳಿದೆ. “ಬೆರಳಿಗೆ ಗೊತ್ತಾಗತೈತ್ರೀ ಯಪ್ಪಾ, ಒಣಾ ಕಾಯಿ ಮಾತಾಡತೈತಿ, ಹಸೀದು ಮುಕ್ಕಾಗಿರತೈತಿ” ಎಂದಳು. ಬ್ರಸೆಲ್ಸಿನ ಪ್ರಯೋಗಾಲಯ ಹೇಳುವುದನ್ನು ಆಕೆಯ ಬೆರಳು ಅರಿತಿದೆ. ಆಕೆಗೆ ತಿಳಿಯದಿರುವುದು, ಒಣ ಕಾಯಿ ತಂದವನಿಗೆ ಅದಕ್ಕಾಗಿ ಹೆಚ್ಚಿನ ಹಣ ಏಕೆ ಸಿಗುವುದಿಲ್ಲ ಎಂಬುದು. ತೂಕ ಕಡಿಮೆಯಾದುದರ ನಷ್ಟ ರೈತನಿಗೆ, ಪ್ರಮಾಣಪತ್ರದ ಲಾಭ ಕಳಿಸುವವನಿಗೆ. ಹೀಗಿರುವಾಗ ಬರೀ ಉಪದೇಶದಿಂದ ಚಾಳಿ ಬಿಡಿಸುವುದು ಕಷ್ಟ.

ನೆರೆಹೊರೆಯ ಕೂಟಗಳ ಮಾತಿಗೆ ಬಂದರೆ ಸಾರ್ಕ್ ನಮಗೆ ಪರಕೀಯವಲ್ಲ. ಢಾಕಾದಲ್ಲಿ 1985ರ ಡಿಸೆಂಬರ್ 8ರಂದು ಹುಟ್ಟಿದ ಅದರ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಸೇರಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಕಾಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಡಂಬಡಿಕೆಗೆ ಸಹಿ ಬಿದ್ದದ್ದೂ ಅಲ್ಲೇ. 2006ರಿಂದ ಮುಕ್ತ ವ್ಯಾಪಾರ ಒಪ್ಪಂದವೂ ಜಾರಿಗೆ ಬಂತು. ಆದರೆ ಮನೆಯೊಳಗಿನ ಮನಸ್ತಾಪ ದೊಡ್ಡದು. 2014ರ ಕಾಠ್ಮಂಡು ಸಭೆಯೇ ಕೊನೆಯದು; 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾದದ್ದು ಸೇರಲಿಲ್ಲ. ಅದರ ಬದಲು ಶ್ರೀಲಂಕೆಯೊಡನೆ 1998ರಲ್ಲಿ ಸಹಿಯಾದ ಇಬ್ಬರ ಒಪ್ಪಂದ, ಆಸಿಯಾನ್ ದೇಶಗಳೊಡನೆ 2010ರ ಜನವರಿಯಿಂದ ಜಾರಿಗೆ ಬಂದ ಒಪ್ಪಂದ ಇವು ಹೆಚ್ಚು ನಡೆದಿವೆ. ಭಾರತದ ಒಣಮೆಣಸಿನಕಾಯಿ ಶ್ರೀಲಂಕೆ, ಬಾಂಗ್ಲಾದೇಶ, ಥಾಯ್ಲೆಂಡ್, ಚೀನಾಗಳಿಗೆ ಹೋಗುತ್ತದೆ. ಬ್ಯಾಡಗಿಯ ದಲಾಲರು ಕೊಲಂಬೊ ಖರೀದಿಯ ಮಾತನ್ನು ಹಾವೇರಿ ಸಂತೆಯ ಮಾತಿನಷ್ಟೇ ಸಲೀಸಾಗಿ ಆಡುತ್ತಾರೆ.

ಇಷ್ಟು ದೇಶಗಳು ಕೊಳ್ಳುವ ಕಾಯಿಯನ್ನು ತಂದ ರೈತ 2024ರ ಮಾರ್ಚ್ 11ರಂದು ಏನು ಮಾಡಿದನೆಂಬುದನ್ನು ಎಲ್ಲರೂ ಓದಿದ್ದಾರೆ. ಅಂದೂ ಸೋಮವಾರ. ಆವಕ ಅಪಾರವಾಗಿತ್ತು, ಧಾರಣೆ ಒಮ್ಮೆಲೇ ಕುಸಿಯಿತು. ರೊಚ್ಚಿಗೆದ್ದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾವ ವಿಧದಿಂದಲೂ ಸಮರ್ಥಿಸಲಾಗದು. ಸುಟ್ಟದ್ದು ಸಾರ್ವಜನಿಕರ ಸ್ವತ್ತು. ಆದರೆ ಹಾಲಿನವರು ಮಹಾಮಂಡಳದ ಮೂಲಕ ದಿಲ್ಲಿಗೆ ಮಾತು ಮುಟ್ಟಿಸಿದ್ದನ್ನೂ, ಮೆಣಸಿನಕಾಯಿಯವರು ಕಲ್ಲು ಎತ್ತಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡದೆ ಇರಲಾರೆ. ನೂರಾರು ಮೈಲಿ ದೂರದಿಂದ ರಾತ್ರಿಯೆಲ್ಲ ಲಾರಿಯಲ್ಲಿ ಕುಳಿತು ಬಂದ, ಪಕ್ಕದ ರಾಶಿಯವನ ಹೆಸರೂ ತಿಳಿಯದ ಆ ಒಬ್ಬೊಬ್ಬ ರೈತನಿಗೆ ಮಾತನಾಡಲು ಸಂಘವೇ ಇರಲಿಲ್ಲ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಸಹಕಾರ ಸಂಘ ಇದೇ ಹಳೆಯ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತ್ತು. ಸಾರ್ಕ್ ಎಂಬುದರ ಪೂರ್ಣ ಹೆಸರಿನಲ್ಲಿ ಇರುವ ಸಹಕಾರ ಎಂಬ ಪದ ನಮ್ಮ ಕಡೆಯ ಹಳ್ಳಿಗೆ ಅದಕ್ಕಿಂತ ಎಂಬತ್ತು ವರ್ಷ ಮೊದಲೇ ಬಂದಿತ್ತು.

ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದದಿಂದ ಬ್ಯಾಡಗಿಗೆ ದೊರೆತ ಒಂದು ವರವೂ ಇದೆ. ಊರಿನ ಹೆಸರಿನಿಂದ ಖ್ಯಾತವಾದ ಸರಕಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕದ ಕಾಯಿದೆಯನ್ನು ಭಾರತ 1999ರಲ್ಲಿ ಮಾಡಿದ್ದು ಆ ಒಪ್ಪಂದದ ಫಲವಾಗಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಆ ಮುದ್ರೆ ದೊರೆಯಿತು. ಒಪ್ಪಂದದಲ್ಲೊಂದು ಪಂಕ್ತಿಭೇದವುಂಟು: ದ್ರಾಕ್ಷಾರಸ ಮತ್ತು ಮದ್ಯಗಳ ಊರಿನ ಹೆಸರಿಗೆ ಅದು ಹೆಚ್ಚಿನ ರಕ್ಷಣೆಯನ್ನೂ, ಉಳಿದ ಪದಾರ್ಥಗಳಿಗೆ ಸಾಮಾನ್ಯ ರಕ್ಷಣೆಯನ್ನೂ ವಿಧಿಸುತ್ತದೆ. ಫ್ರಾನ್ಸಿನ ಹೆಂಡಕ್ಕೆ ಮೇಲಿನ ಮಣೆ, ಬ್ಯಾಡಗಿಯ ಕಾಯಿಗೆ ಕೆಳಗಿನ ಮಣೆ! ಇದನ್ನು ಸರಿಪಡಿಸಬೇಕೆಂದು ಭಾರತವೂ ಇತರ ದೇಶಗಳೂ ವರ್ಷಗಳಿಂದ ವಾದಿಸುತ್ತ ಬಂದಿವೆ.

ಮುದ್ರೆ ದೊರೆತ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ರೈತನಿಗೆ ತಾನಾಗಿ ಬರುವುದಿಲ್ಲ. ನಿಗದಿತ ಪ್ರದೇಶದಲ್ಲಿ ಬೆಳೆಯುವವನು ಅಧಿಕೃತ ಬಳಕೆದಾರನೆಂದು ಹೆಸರು ನೋಂದಾಯಿಸಬೇಕು. ನೋಂದಣಿ ಹತ್ತು ವರ್ಷ ನಡೆಯುತ್ತದೆ. ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ಊಟ ಮಾಡುತ್ತಿದ್ದ ನಾಲ್ಕೈದು ರೈತರಿಗೆ ಇದನ್ನು ಹೇಳಿದೆ. ಎಲ್ಲರೂ ತಾಲೂಕಿನವರೇ, ಮುದ್ರೆಯ ಸುದ್ದಿ ಕೇಳಿದ್ದರು, ನೋಂದಣಿಯ ಸುದ್ದಿ ಕೇಳಿರಲಿಲ್ಲ. ಅವರಲ್ಲಿ ಹಿರಿಯನಾದವನು ಕೈತೊಳೆದು ಬಂದು, “ಅರ್ಜಿ ಯಾವ ಭಾಷಾದಾಗ ಬರೀಬೇಕ್ರೀ ಅಜ್ಜಾರ?” ಎಂದು ಕೇಳಿದ. ಇಂಗ್ಲಿಷ್ ಅಥವಾ ಹಿಂದಿ ಎಂದೆ. ಆತ ನಕ್ಕು ಪಕ್ಕದಲ್ಲಿದ್ದ ಮೊಮ್ಮಗನ ಕಡೆ ನೋಡಿದ. ಹುಡುಗ ಹಾವೇರಿಯ ಕಾಲೇಜಿನಲ್ಲಿ ಓದುವವನು. ವಿಳಾಸವನ್ನು ಟೆಂಡರ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡ. ಅರ್ಜಿ ಹೋಗಬೇಕಾದದ್ದು ಚೆನ್ನೈಯ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ. ಮೊದಲು 500 ರೂಪಾಯಿ ಇದ್ದ ಶುಲ್ಕವನ್ನು 2020ರ ತಿದ್ದುಪಡಿಯಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ.